ಹಿಮದ ಮೇಲೆ ಕಾಣುವ ಗಡಿ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿ, ಡಾನರ್ ಪಾಸ್‌ಗೆ ಉತ್ತರಕ್ಕಿರುವ ಕಾಸಲ್ ಪೀಕ್ ಬುಡದ ಕಣಿವೆಯಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ವಾಹನ) ಬೇಡವೆಂದು ನಾನು ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್‌ಗೆ ಬರೆದ ಮೊದಲ ಪತ್ರ ಎರಡು ಪುಟಗಳಷ್ಟು ಉದ್ದವಿತ್ತು, ಮತ್ತು ಅದರಿಂದ ಮೂರು ಕಾಸಿನ ಉಪಯೋಗವೂ ಆಗುವಂತಿರಲಿಲ್ಲ. ಮುಂಜಾನೆಯ ಮೌನ, ಮೇಲಿನಿಂದ ಸ್ಕೀ ಮೇಲೆ ಜಾರಿ ಬರುವಾಗಿನ ಸುಖ, ಮುಂದಿನ ಪೀಳಿಗೆಯ ಹಕ್ಕು ಇವೆಲ್ಲ ಅದರಲ್ಲಿದ್ದವು. ನನಗೆ ಸ್ಕೀ ಕಲಿಸಿದ, ಮೂವತ್ತು ವರ್ಷಗಳಿಂದ ಇದೇ ಕೆಲಸದಲ್ಲಿರುವ ಹಿರಿಯ ಸ್ವಯಂಸೇವಕಿಯೊಬ್ಬರು ಅದನ್ನು ಓದಿ, "ಚೆನ್ನಾಗಿದೆ, ಆದರೆ ಅಧಿಕಾರಿ ಉತ್ತರ ಕೊಡಲೇಬೇಕಾದ ಒಂದು ವಾಕ್ಯವೂ ಇದರಲ್ಲಿಲ್ಲ" ಎಂದರು. ಆಗ ಬೇಸರವಾಗಿತ್ತು. ಮುಂದಿನ ಮೂರು ಚಳಿಗಾಲಗಳಲ್ಲಿ ನಾನು ಮಾಡಿದ್ದೆಲ್ಲ ಅಂಥ ವಾಕ್ಯಗಳನ್ನು ಹುಡುಕುವ ಕೆಲಸವೇ.

ವಿವಾದದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸ್ಕೀ ಅಥವಾ ಸ್ನೋಶೂ (ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಅಗಲವಾದ ಚೌಕಟ್ಟು) ಕಟ್ಟಿಕೊಂಡು ನಡೆಯುವವರು ದಿನಕ್ಕೆ ಆರೇಳು ಮೈಲಿ ಹೋದರೆ ಹೆಚ್ಚು. ಸ್ನೋಮೊಬೈಲ್ ಅದೇ ದೂರವನ್ನು ಚಹಾ ಕುಡಿಯುವಷ್ಟರಲ್ಲಿ ದಾಟುತ್ತದೆ. ಇಬ್ಬರೂ ಗಾಡಿ ನಿಲ್ಲಿಸುವುದು ಹೆಚ್ಚುಕಡಿಮೆ ಒಂದೇ ಕಡೆ, ಇಬ್ಬರಿಗೂ ಬೇಕಾದದ್ದು ಯಾರೂ ತುಳಿಯದ ಅದೇ ಹೊಸ ಹಿಮ. ಇಂಥ ವಾಹನಗಳಿಂದ ಮಣ್ಣು, ನೀರು ಮತ್ತು ವನ್ಯಜೀವಿಗಳಿಗಾಗುವ ಹಾನಿಯನ್ನೂ ಇತರರೊಡನೆ ಏಳುವ ಘರ್ಷಣೆಯನ್ನೂ ಆದಷ್ಟು ಕಡಿಮೆ ಮಾಡಬೇಕೆಂದು ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿದ್ದರು. ಆದರೆ 2005ರ ನಿಯಮ ಬೇಸಿಗೆಯ ವಾಹನಗಳನ್ನು ಕಟ್ಟುನಿಟ್ಟಾಗಿ ಹಿಡಿದು, ಹಿಮದ ವಾಹನಗಳ ವಿಷಯವನ್ನು ಆಯಾ ಅರಣ್ಯದ ಇಚ್ಛೆಗೆ ಬಿಟ್ಟಿತು. ಇಡಾಹೊದ ಬಾಯ್ಸಿಯಲ್ಲಿರುವ ವಿಂಟರ್ ವೈಲ್ಡ್‌ಲ್ಯಾಂಡ್ಸ್ ಅಲಯನ್ಸ್ ಇದನ್ನು ಪ್ರಶ್ನಿಸಿ ಹೂಡಿದ ದಾವೆಯಲ್ಲಿ 2013ರಲ್ಲಿ ತೀರ್ಪು ಬಂತು, 2015ರಲ್ಲಿ ಹೊಸ ನಿಯಮವಾಯಿತು. ಸಾಕಷ್ಟು ಹಿಮ ಬೀಳುವ ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ವಾಹನ ಓಡಿಸಬಹುದಾದ ಜಾಗಗಳನ್ನು ನಕ್ಷೆಯಲ್ಲಿ ತೋರಿಸಬೇಕು. ತೋರಿಸದ ಜಾಗವೆಲ್ಲ ವಾಹನಗಳಿಗೆ ಮುಚ್ಚಿದಂತೆ. ಲಾಸೆನ್, ಪ್ಲೂಮಸ್, ಟಾಹೋ, ಎಲ್ಡೊರಾಡೊ ಮತ್ತು ಸ್ಟಾನಿಸ್ಲಾಸ್ ಅರಣ್ಯಗಳು ಈ ಕೆಲಸಕ್ಕೆ ಮೊದಲು ಇಳಿದವು. ನನ್ನ ಕಣಿವೆ ಟಾಹೋ ಅರಣ್ಯದಲ್ಲಿತ್ತು.

ನಾನು ಸನಿವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು, ಊರು ತೀರ್ಥಹಳ್ಳಿಯ ಕಡೆ. ಮಳೆಯನ್ನು ಹತ್ತು ಬಗೆಯಾಗಿ ಕರೆಯಬಲ್ಲ ನನಗೆ ಹಿಮವನ್ನು ಕರೆಯಲು ಪದಗಳಿರಲಿಲ್ಲ. ಹಾಗಾಗಿ ಟಿಪ್ಪಣಿ ಪುಸ್ತಕದಲ್ಲಿ ಅಡುಗೆಮನೆಯಿಂದಲೇ ಹೆಸರು ಕೊಟ್ಟೆ: ಒಣಗಿ ಹಗುರಾಗಿರುವುದು ಮೈದಾ, ಮೇಲೆ ಗಟ್ಟಿಯಾಗಿ ಒಳಗೆ ಟೊಳ್ಳಾಗಿರುವುದು ಹಪ್ಪಳ, ಏಪ್ರಿಲ್ ಮಧ್ಯಾಹ್ನದ ಕಾಳುಕಾಳಾದ ಒದ್ದೆ ಹಿಮ ಸಾಬಕ್ಕಿ. ಇದು ತಮಾಷೆಯಂತೆ ಕಂಡರೂ ಮುಂದೆ ಉಪಯೋಗಕ್ಕೆ ಬಂತು, ಏಕೆಂದರೆ ಸ್ನೋಮೊಬೈಲ್ ಒಮ್ಮೆ ಹಾದುಹೋದರೆ ಯಾವ ಹಿಮ ಎಷ್ಟು ಅದುಮಿಕೊಳ್ಳುತ್ತದೆ ಎಂಬುದನ್ನು ಆ ಹೆಸರುಗಳಿಂದಲೇ ನೆನಪಿಟ್ಟುಕೊಂಡೆ. ನೆಲಕ್ಕೂ ಹಿಮದ ಅಡಿಗೂ ನಡುವೆ ಉಳಿಯುವ ಸಣ್ಣ ಅಂತರದಲ್ಲಿ ಇಲಿ, ಮೂಗಿಲಿಗಳು ಚಳಿಗಾಲ ಕಳೆಯುತ್ತವೆ, ಅವನ್ನೇ ನಂಬಿಕೊಂಡು ಮಾರ್ಟೆನ್ ಎಂಬ ಪ್ರಾಣಿ ಬದುಕುತ್ತದೆ. ಅದುಮಿದ ಹಿಮದಡಿಯಲ್ಲಿ ಆ ಅಂತರವೇ ಉಳಿಯುವುದಿಲ್ಲ.

ಕಣಿವೆಗೆ ಯಾರು, ಎಷ್ಟು ಬರುತ್ತಾರೆಂದು ಲೆಕ್ಕ ಬರೆಯುವ ಕೆಲಸಕ್ಕೆ ಇಳಿಯುವ ಮೊದಲು ಹಿಮಕುಸಿತದ ಮೂರು ದಿನಗಳ ತರಬೇತಿ ಮುಗಿಸಿದೆ. ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನ ಕೆಳಗೆ ನಿಂತು ಲೆಕ್ಕ ಬರೆಯುವುದು ಮೂರ್ಖತನ. ಬೀಕನ್ (ಹೂತವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ ಸಾಧನ), ಸಲಿಕೆ, ಪ್ರೋಬ್ (ಹಿಮದೊಳಗೆ ಇಳಿಸಿ ನೋಡುವ ಉದ್ದ ಕೋಲು) ಮೂರೂ ಇಲ್ಲದೆ, ಸಿಯೆರಾ ಅವಲಾಂಚ್ ಸೆಂಟರ್‌ನ ಬೆಳಗಿನ ಮುನ್ಸೂಚನೆ ಓದದೆ ನಾನು ಹೊರಟದ್ದಿಲ್ಲ. ಸುರಕ್ಷಿತವಾದ ಮೂರು ಜಾಗಗಳನ್ನು ಆರಿಸಿಕೊಂಡು, ವಾರಾಂತ್ಯಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಕಂಡದ್ದನ್ನು ಬರೆಯತೊಡಗಿದೆ: ಪಾರ್ಕಿಂಗ್‌ನಲ್ಲಿ ಎಷ್ಟು ಟ್ರೈಲರ್, ಎಷ್ಟು ಜನ ನಡೆದು ಹೋದರು, ಯಂತ್ರದ ಸದ್ದು ಯಾವ ಜಾಗಕ್ಕೆ ಯಾವ ಹೊತ್ತಿನಲ್ಲಿ ಕೇಳಿಸಿತು, ಹಿಮ ಎಷ್ಟು ಇಂಚು. ಮೊದಲ ದಿನ ಚಳಿಗೆ ಫೋನ್ ಸತ್ತು ನಾಲ್ಕು ಗಂಟೆಯ ಗುರುತುಗಳೆಲ್ಲ ಹೋದವು, ಪೆನ್ನಿನ ಶಾಯಿಯೂ ಹೆಪ್ಪುಗಟ್ಟಿತು. ಅಂದಿನಿಂದ ಪೆನ್ಸಿಲ್ಲೇ ಗತಿ. ಸದ್ದನ್ನು ಫೋನಿನ ಆ್ಯಪ್‌ನಲ್ಲಿ ಅಳೆದು ಡೆಸಿಬೆಲ್ ಬರೆಯುವ ಆಸೆಯನ್ನು ಆ ಹಿರಿಯರು ಬಿಡಿಸಿದರು. ನಂಬಲಾಗದ ಒಂದು ಅಂಕಿ ಇದ್ದರೆ ಉಳಿದವನ್ನೂ ಯಾರೂ ನಂಬುವುದಿಲ್ಲ ಎಂಬುದು ಅವರ ವಾದ. ಒಂದೂ ಯಂತ್ರ ಬಾರದ ದಿನಗಳನ್ನೂ ಬಿಡದೆ ಬರೆದೆ. ನನ್ನ ಯಜಮಾನರು ಮಾತ್ರ, "ಸಿಲ್ಕ್ ಬೋರ್ಡ್ ಟ್ರಾಫಿಕ್ ಬೇಡ ಅಂತ ಇಲ್ಲಿಗೆ ಬಂದವಳು, ನಾಲ್ಕು ಗಂಟೆ ಕಾರು ಓಡಿಸಿ ಗುಡ್ಡ ಹತ್ತಿ ಗಾಡಿ ಎಣಿಸ್ತೀಯಲ್ಲೇ" ಎಂದು ಇಂದಿಗೂ ನಗುತ್ತಾರೆ.

2015ರ ಬರಗಾಲ ಒಂದು ಪಾಠ ಕಲಿಸಿತ್ತು. ಆ ವರ್ಷ ಏಪ್ರಿಲ್ ಒಂದರಂದು ಸಿಯೆರಾದ ಹಿಮಸಂಗ್ರಹ ಸರಾಸರಿಯ ಶೇಕಡ 5ರಷ್ಟಿತ್ತು, ರಾಜ್ಯಪಾಲರು ಹಿಮವಿಲ್ಲದ ಹುಲ್ಲಿನ ಮೇಲೆ ನಿಂತು ನೀರಿನ ಮಿತವ್ಯಯ ಘೋಷಿಸಿದ್ದರು. ಅಂಥ ವರ್ಷ ಯಂತ್ರಗಳು ಎತ್ತರದಲ್ಲಿ ಉಳಿದ ಸ್ವಲ್ಪ ಹಿಮವನ್ನು ಹುಡುಕಿಕೊಂಡು, ನಡುನಡುವೆ ಬರಿ ಮಣ್ಣನ್ನೂ ಮೊಳಕೆಯ ಪೊದೆಗಳನ್ನೂ ಉತ್ತುಕೊಂಡು ಹೋದ ಗುರುತುಗಳನ್ನು ನೋಡಿದ್ದೆ. ಯಂತ್ರ ಓಡಿಸಲು ಕನಿಷ್ಠ 12 ಇಂಚು ಹಿಮವಿರಬೇಕೆಂಬ ಷರತ್ತಿನ ಚರ್ಚೆ ಬಂದಾಗ ನಾನು ಕೇಳಿದ್ದು ಇಷ್ಟೇ: 12 ಇಂಚನ್ನು ಅಳೆಯುವುದು ಪಾರ್ಕಿಂಗ್‌ನಲ್ಲೋ, ದಾರಿಯುದ್ದಕ್ಕೋ, ಅಳೆಯುವವರು ಯಾರು? ಇದು ಉತ್ತರ ಬೇಡುವ ವಾಕ್ಯ ಎಂದು ನನ್ನ ಗುರುಗಳು ಮೊದಲ ಬಾರಿಗೆ ಮೆಚ್ಚಿಕೊಂಡರು.

ನಿಜವಾಗಿ ಕಣ್ಣು ತೆರೆಸಿದವನು ಮಾತ್ರ ಎದುರು ಪಕ್ಷದವನು. 2017ರ ಫೆಬ್ರವರಿಯಲ್ಲಿ, ಹಿಮ ಬೇಕಾದಷ್ಟು ಬಿದ್ದಿದ್ದಾಗ, ಕಾಸಲ್ ಪಾಸ್ ಹತ್ತಿರ ಒಬ್ಬ ಯುವಕ ಸ್ನೋಮೊಬೈಲ್ ನಿಲ್ಲಿಸಿ, ನನ್ನ ಕೈಯಲ್ಲಿದ್ದ ನಕ್ಷೆ ನೋಡಿ, "ಪೆಸಿಫಿಕ್ ಕ್ರೆಸ್ಟ್ ಟ್ರೈಲ್ ಇಲ್ಲಿ ಎಲ್ಲಿದೆ? ಅದರ ಮೇಲೆ ಓಡಿಸಬಾರದಂತೆ, ನನಗೆ ಕಾಣುವುದೇ ಇಲ್ಲ" ಎಂದು ಕೇಳಿದ. ನನಗೂ ಕಾಣಲಿಲ್ಲ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ 2,650 ಮೈಲಿ ಹೋಗುವ, 1968ರ ಕಾನೂನು ಮೋಟಾರು ವಾಹನಗಳಿಂದ ಕಾಪಾಡಿರುವ ದಾರಿ, ನಮ್ಮಿಬ್ಬರ ಕಾಲಡಿಯಲ್ಲೇ ಎಲ್ಲೋ ಹೂತುಹೋಗಿತ್ತು. ಅವನು ನಿಯಮ ಮುರಿಯಬೇಕೆಂದು ಬಂದವನಲ್ಲ; ಅದೇ ಮಧ್ಯಾಹ್ನ ಕಾಲು ಉಳುಕಿದ ಸ್ಕೀಗಾರನೊಬ್ಬನನ್ನು ತನ್ನ ಯಂತ್ರದ ಹಿಂದೆ ಕೂರಿಸಿಕೊಂಡು ಕೆಳಗಿಳಿಸಿದವನೂ ಅವನೇ.

2018ರಲ್ಲಿ ಟಾಹೋ ಅರಣ್ಯದ ಈ ನಕ್ಷೆಯ ಕರಡು ವರದಿ ಬಂದಾಗ ನನ್ನ ಎರಡನೆಯ ಪತ್ರವನ್ನು ಈ ಒಂದೇ ವಿಷಯದ ಮೇಲೆ ಕಟ್ಟಿದೆ. ಬೇಸಿಗೆಯ ನಕ್ಷೆಯ ಮೇಲೆ ಕಚೇರಿಯಲ್ಲಿ ಕುಳಿತು ಎಳೆದ ಗೆರೆ, ಕಾಲುದಾರಿಯನ್ನೋ ಸರ್ವೆ ಗಡಿಯನ್ನೋ ಹಿಡಿದು ಹೋಗುವ ಗೆರೆ, ಹತ್ತಡಿ ಹಿಮ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ. ಮುಚ್ಚಿದ ಪ್ರದೇಶದ ಅಂಚು ಗುಡ್ಡದ ಏಣನ್ನೋ ಹಳ್ಳವನ್ನೋ ಹೆದ್ದಾರಿಯನ್ನೋ ಅನುಸರಿಸಿದರೆ ಯಂತ್ರದವನೂ ನಡೆಯುವವನೂ ಅದನ್ನು ತಾನೇ ಗುರುತಿಸಬಲ್ಲರು, ಕಾಯುವ ಸಿಬ್ಬಂದಿಯ ಹೊರೆಯೂ ತಗ್ಗುತ್ತದೆ. ಎಲ್ಲೆಲ್ಲಿ ಗೆರೆ ಕಾಣಲಿಲ್ಲವೋ ಆ ಜಾಗಗಳನ್ನು ದಿನಾಂಕ, ಹಿಮದ ಆಳ, ಫೋಟೊಗಳೊಂದಿಗೆ ಪಟ್ಟಿ ಮಾಡಿ, ಪಕ್ಕದ ಯಾವ ಏಣು ಅಥವಾ ಹಳ್ಳ ಬದಲಿಯಾಗಬಹುದೆಂದು ಬರೆದೆ. ಕೆಲವು ಕಡೆ ಈ ಬದಲಾವಣೆಯಿಂದ ನಮಗೆ ಜಾಗ ಕಡಿಮೆಯಾಗುತ್ತಿತ್ತು. ಅದನ್ನೂ ಬರೆದೆ, ಮತ್ತು ನಮ್ಮವರಲ್ಲಿ ಕೆಲವರು ಇದಕ್ಕಾಗಿ ನನ್ನ ಮೇಲೆ ಮುನಿಸಿಕೊಂಡರು.

ಹೊಸಬರಿಗೆ ಒಂದು ಮಾತು: ಇದು ಮತದಾನವಲ್ಲ. ಒಂದೇ ಮಾದರಿಯ ಸಾವಿರ ಪತ್ರಗಳನ್ನು ಒಂದೇ ಅಭಿಪ್ರಾಯವಾಗಿ ಪರಿಗಣಿಸುತ್ತಾರೆ. 2018ರ ಆ ಕರಡು ವರದಿಗೆ ಅಭಿಪ್ರಾಯ ಕಳಿಸಲು 45 ದಿನಗಳ ಕಾಲಾವಕಾಶವಿತ್ತು; ಆಗ ಮಾತಾಡದವರು ಮುಂದೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಬರುವುದಿಲ್ಲ. ನನ್ನ ಪರಿಚಯದ ಕನ್ನಡ ಕುಟುಂಬವೊಂದು ಈ ಗಡುವು ಮುಗಿದು ಎರಡು ದಿನಗಳಾದ ಮೇಲೆ ಎಚ್ಚೆತ್ತುಕೊಂಡು, ಹೇಳಬೇಕಾದ ಒಳ್ಳೆಯ ಮಾತಿದ್ದರೂ ಸುಮ್ಮನಿರಬೇಕಾಯಿತು.

ಈಗಲೂ ಪ್ರತಿ ಚಳಿಗಾಲ ಗಡಿ ತೋರಿಸುವ ಫಲಕಗಳು ಕಾಣುತ್ತವೆಯೇ ಎಂದು ನೋಡಲು ಹೋಗುತ್ತೇನೆ. 2022-23ರಲ್ಲಿ ಡಾನರ್ ಬಳಿಯ ಸೆಂಟ್ರಲ್ ಸಿಯೆರಾ ಸ್ನೋ ಲ್ಯಾಬ್‌ನಲ್ಲಿ ಒಟ್ಟು 754 ಇಂಚು ಹಿಮ ಬಿದ್ದಿತು. ಆ ಮಾರ್ಚ್‌ನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಫಲಕವೊಂದನ್ನು ಅರ್ಧ ಗಂಟೆ ಹುಡುಕಿದೆ. ಕೊನೆಗೆ ನಿಂತಲ್ಲೇ ಪ್ರೋಬ್ ಇಳಿಸಿದಾಗ ಹೆಚ್ಚುಕಡಿಮೆ ಎಂಟಡಿ ಕೆಳಗೆ ಅದರ ತುದಿ ಫಲಕದ ಮರಕ್ಕೆ ತಾಗಿತು. ಪುಸ್ತಕದಲ್ಲಿ ಆಳ ಬರೆದುಕೊಂಡು ತಲೆಯೆತ್ತಿದರೆ, ಮುನ್ನೂರು ಗಜ ಆಚೆಗೆ ಏಣು ಎಂದಿನ ಜಾಗದಲ್ಲೇ ಸ್ಪಷ್ಟವಾಗಿ ಕಾಣುತ್ತಿತ್ತು.