ಮೂವತ್ತು ಸೆಕೆಂಡಲ್ಲ, ಐದು ನಿಮಿಷವೇ ಕಷ್ಟ

ಟೈಮರ್ ಇಟ್ಟುಕೊಂಡು ಚಾರ್ಕೋಲ್‌ನಲ್ಲಿ (ಇದ್ದಿಲ ಕಡ್ಡಿಯಲ್ಲಿ) ಮನುಷ್ಯರನ್ನು ಬಿಡಿಸುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: ‘ಮೂವತ್ತು ಸೆಕೆಂಡಿನಲ್ಲಿ ಅದು ಹೇಗೆ ಬರುತ್ತೆ?’ ಬರುತ್ತೆ. ಕೈ ಕೊಡುವುದು ಐದು ನಿಮಿಷದ ಪೋಸು.

ಮೈಸೂರಿನಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಇಲ್ಲಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಕಲಿತವರೂ ಇದ್ದಾರೆ, ನನ್ನ ಹಾಗೆ ವಾರವೆಲ್ಲ ಬೇರೆ ಕೆಲಸ ಮಾಡುವವರೂ ಇದ್ದಾರೆ. ಮಾಡೆಲ್ ಆಗಿ ಬರುವವರು ಗರಡಿಯಲ್ಲಿ ಸಾಮು ಮಾಡಿ ಬೆಳೆದ ಹಿರಿಯ ಪೈಲ್ವಾನರು. ಬರೀ ಚಡ್ಡಿಯಲ್ಲಿ ನಿಲ್ಲುತ್ತಾರೆ, ಹಾಗಾಗಿ ಸೊಂಟ, ಮಂಡಿ, ಭುಜ ಎಲ್ಲ ಸರಿಯಾಗಿ ಕಾಣುತ್ತೆ. ಎಲ್ಲರೂ ದುಡ್ಡು ಹಾಕಿ ಅವರಿಗೆ ಕೊಡುತ್ತೇವೆ. ಸುಮ್ನೆ ನಿಲ್ಲುವುದಕ್ಕೆ ದುಡ್ಡಾ ಅನ್ನುವವರು ಒಂದು ಸಲ ಕೈ ಎತ್ತಿ ಐದು ನಿಮಿಷ ಅಲ್ಲಾಡದೆ ನಿಂತು ನೋಡಲಿ.

ಮೊದಲು ಮೂವತ್ತು ಸೆಕೆಂಡಿನ ಪೋಸುಗಳು. ಚಾರ್ಕೋಲ್ ಕಡ್ಡಿಯನ್ನು ಎರಡು ಇಂಚಿಗೆ ಮುರಿದು, ಅಡ್ಡ ಮಲಗಿಸಿ ಹಿಡಿಯುತ್ತೇನೆ. ಪೆನ್ನು ಹಿಡಿದ ಹಾಗೆ ಹಿಡಿದರೆ ಬೆರಳಷ್ಟೇ ಓಡಾಡುತ್ತೆ, ಇಲ್ಲಿ ಭುಜದಿಂದಲೇ ಕೈ ಬೀಸಬೇಕು. ನೆತ್ತಿಯಿಂದ ಪಾದದವರೆಗೆ ಮೈ ಹೇಗೆ ಬಾಗಿದೆ ಅನ್ನುವ ಒಂದೇ ಗೆರೆ, ಆಮೇಲೆ ಭುಜಕ್ಕೊಂದು, ಸೊಂಟಕ್ಕೊಂದು. ಅಷ್ಟೇ.

ಒಂದು, ಎರಡು ನಿಮಿಷದ ಪೋಸಿನಲ್ಲಿ ನಾನು ಹುಡುಕುವುದು ಭಾರವನ್ನು. ಬಲಗಾಲ ಮೇಲೆ ಭಾರ ಬಿಟ್ಟು ನಿಂತರೆ ಬಲ ಸೊಂಟ ಮೇಲೆ ಹೋಗುತ್ತೆ, ಬಲ ಭುಜ ಕೆಳಗೆ ಇಳಿಯುತ್ತೆ. ಗಾರೆಯವರು ಗೋಡೆಗೆ ಗುಂಡು ಬಿಟ್ಟು ನೋಡುವ ಹಾಗೆ, ಕತ್ತಿನ ಕುಳಿಯಿಂದ ಕಣ್ಣಲ್ಲೇ ಒಂದು ದಾರ ಇಳಿಬಿಟ್ಟು ನೋಡಿ. ಅದು ಭಾರ ಹೊತ್ತ ಪಾದದ ಹತ್ತಿರಕ್ಕೇ ಬರುತ್ತೆ. ಬಿಡುವಿನಲ್ಲಿ ಪೈಲ್ವಾನರು ಹೆಗಲಿಗೆ ಟವೆಲ್ ಹಾಕಿಕೊಂಡು ಒಬ್ಬೊಬ್ಬರ ಬೋರ್ಡಿನ ಮುಂದೆಯೂ ನಿಲ್ಲುತ್ತಾರೆ. ಮುಖ ಹೋಲುತ್ತಾ ಇಲ್ವಾ ಅಂತ ನೋಡುವುದೇ ಇಲ್ಲ. ಅವರ ಕಣ್ಣು ನೇರ ಕಾಲಿಗೆ. ‘ಹಿಂಗ್ ನಿಂತ್ರೆ ಮುಗ್ಗರಿಸ್ತೀನಿ ಕಣಪ್ಪ’ ಅಂದರೆ ಆ ಹಾಳೆ ಮುಗಿಯಿತು.

ಇನ್ನು ಐದು ನಿಮಿಷ. ಕಣ್ಣು, ಬೆರಳು ಶುರು ಮಾಡುವಷ್ಟು ಹೊತ್ತು ಇರುತ್ತೆ, ಮುಗಿಸುವಷ್ಟು ಇರುವುದಿಲ್ಲ. ಅದಕ್ಕೇ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮೊಬೈಲ್ ಸದ್ದು ಮಾಡುವ ಹಾಗೆ ಇಟ್ಟುಕೊಂಡಿದ್ದೇನೆ. ಮೊದಲ ನಿಮಿಷ, ಒಂದು ನಿಮಿಷದ ಪೋಸೇ ಅಂದುಕೊಂಡು ಬಿಡಿಸುತ್ತೇನೆ. ಮುಂದಿನ ಎರಡು ನಿಮಿಷ ಕಣ್ಣು ಕಿರಿದು ಮಾಡಿ, ನೆರಳೆಲ್ಲ ಸೇರಿಸಿ ಒಂದೇ ಬಣ್ಣವಾಗಿ ಕಡ್ಡಿಯ ಪಕ್ಕದಿಂದ ತುಂಬಿ, ಹಳೇ ಹತ್ತಿ ಬಟ್ಟೆಯಿಂದ ಒರೆಸುತ್ತೇನೆ. ನೆರಳೊಳಗಿನ ಪಕ್ಕೆಲುಬು, ಸ್ನಾಯು ಯಾವುದನ್ನೂ ಮುಟ್ಟುವುದಿಲ್ಲ. ಕೊನೆಯ ಎರಡು ನಿಮಿಷದಲ್ಲಿ ಹಿಟ್ಟಿನ ಹಾಗೆ ನಾದುವ ರಬ್ಬರ್ ಒತ್ತಿ ಭುಜದ, ಹಣೆಯ ಬೆಳಕನ್ನು ತೆಗೆಯುತ್ತೇನೆ. ಗಟ್ಟಿ ಕಪ್ಪು ಗದ್ದದ ಕೆಳಗೆ, ಕಂಕುಳಲ್ಲಿ, ಪಾದ ನೆಲಕ್ಕೆ ತಾಗುವ ಕಡೆ ಮಾತ್ರ. ಮುಖಕ್ಕೆ ಕಣ್ಣುಗುಳಿಯ ನೆರಳು ಸಾಕು.

ಜಗನ್ಮೋಹನ ಅರಮನೆಯಲ್ಲಿರುವ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಮೈಸೂರಿನವರು ನೋಡಿಯೇ ಇರುತ್ತೀರಿ. ಅದು ಜಲವರ್ಣ, ನಿಧಾನವಾಗಿ ಮಾಡಿದ್ದು, ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು. ಆದರೆ ಸುತ್ತ ಕತ್ತಲೆ ಇರುವುದರಿಂದಲೇ ಆ ಬೆರಳುಗಳು ಹಾಗೆ ಬೆಳಗುತ್ತವೆ, ಅಲ್ವಾ? ಹಾಗಾಗಿ ನಾವು ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಒಂದೇ ಪಕ್ಕದಿಂದ ದೀಪ ಇಡುತ್ತೇವೆ. ಎಲ್ಲಾ ಕಡೆಯಿಂದ ಬೆಳಕು ಬಿದ್ದರೆ ನೆರಳು ಸಾಯುತ್ತೆ, ಚಾರ್ಕೋಲ್‌ಗೆ ಕೆಲಸವೇ ಇರುವುದಿಲ್ಲ.

ಸಾಮಾನಿಗೆ ಜಾಸ್ತಿ ಖರ್ಚು ಬೇಡ. ಕಡ್ಡಿ ಸುಟ್ಟು ಮಾಡಿದ ಮೆತ್ತನೆ ಚಾರ್ಕೋಲ್ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ, ಶುರುವಿಗೆ ಅದೇ ಒಳ್ಳೆಯದು. ಕಂಪ್ರೆಸ್ಡ್ ಚಾರ್ಕೋಲ್‌ನಲ್ಲಿ ಅಂಟು ಸೇರಿರುತ್ತೆ, ಕಪ್ಪು ಜಾಸ್ತಿ, ಅಳಿಸುವುದು ಕಷ್ಟ. ಹಾಗಾಗಿ ಕೊನೆಗೆ ಮಾತ್ರ. ಹಾಳೆಗೆ ನ್ಯೂಸ್‌ಪ್ರಿಂಟ್ ಸಾಕು. ಅದು ಬೇಗ ಹಳದಿಯಾಗುತ್ತೆ, ಆಗಲಿ ಬಿಡಿ. ಇಪ್ಪತ್ತು ನಿಮಿಷದ ಕೊನೆಯ ಪೋಸಿಗಷ್ಟೇ ದಪ್ಪನೆಯ ಕಾರ್ಟ್ರಿಜ್ ಹಾಳೆ. ಉಳಿಸಿಕೊಳ್ಳಬೇಕು ಅನ್ನಿಸಿದ್ದನ್ನು ಮಹಡಿಗೆ ಒಯ್ದು, ಒಂದಡಿ ದೂರದಿಂದ ಫಿಕ್ಸೆಟಿವ್ (ಪುಡಿ ಉದುರದ ಹಾಗೆ ಹಿಡಿದಿಡುವ ಸ್ಪ್ರೇ) ತೆಳ್ಳಗೆ ಹೊಡೆಯುತ್ತೇನೆ.

ಪೈಲ್ವಾನರು ಬರದ ವಾರ ದೇವರಾಜ ಮಾರುಕಟ್ಟೆ. ಹೂ ಕಟ್ಟುವವರ ಕೈ ಮತ್ತೆ ಮತ್ತೆ ಅದೇ ಭಂಗಿಗೆ ವಾಪಸ್ ಬರುತ್ತೆ. ಒಂದೇ ಹಾಳೆಯಲ್ಲಿ ಎರಡು ಮೂರು ಸ್ಕೆಚ್ ಒಟ್ಟಿಗೆ ಶುರು ಮಾಡಿ, ಆ ಭಂಗಿ ಬಂದಾಗ ಅದನ್ನು ಮುಂದುವರಿಸಬಹುದು. ಕೂತವರನ್ನು ಬಿಡಿಸುವಾಗ ಭಾರ ಕಾಲಿಗಲ್ಲ, ಸೊಂಟಕ್ಕೆ ಬರುತ್ತೆ. ಅದೂ ಬೇರೆ ಅಭ್ಯಾಸ. ಅಲ್ಲಿಗೆ ಕಡ್ಡಿ ಒಯ್ಯಬೇಡಿ, ಚೀಲದಲ್ಲೇ ಪುಡಿಯಾಗುತ್ತೆ. ಚಾರ್ಕೋಲ್ ಪೆನ್ಸಿಲ್ ಒಯ್ಯಿರಿ.