‘ಬೋರಿಂಗ್’ ಬಿಟ್ಟು ಬೇರೆ ಪದ: ನಾನು ಕಲಿಸುವ ರೀತಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರು ಜಾಸ್ತಿ ಕೆಲಸದಲ್ಲಿರುವವರೇ. ಕೆಲಸ ಹೇಗಿದೆ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ‘ಐ ಆ್ಯಮ್ ಬೋರಿಂಗ್’ ಅನ್ನುತ್ತಾರೆ. ಹಾಗಂದರೆ ನನ್ನಿಂದ ಬೇರೆಯವರಿಗೆ ಬೇಜಾರು ಅಂತಾಗುತ್ತದೆ. ಬೇಜಾರಾದವರು ಬೋರ್ಡ್, ಬೇಜಾರು ತರಿಸುವುದು ಬೋರಿಂಗ್. ಸ್ಯಾಟಿಸ್ಫೈಡ್, ಸ್ಯಾಟಿಸ್ಫೈಯಿಂಗ್ ಕೂಡ ಇದೇ ಲೆಕ್ಕ.

ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಮೊದಲು ಕನ್ನಡದಲ್ಲೇ ದೂರು ಹೇಳಿಸುತ್ತೇನೆ. ಕೊರತೆ ಎಲ್ಲಿದೆ ಅಂತ ಗೊತ್ತಾದ ಮೇಲೆ ಪದ ಹುಡುಕುವುದು ಸುಲಭ.

ಮದುವೆ ಜವಳಿಗೆ ಸುತ್ತಲಿನ ಊರಿನವರೆಲ್ಲ ಇಲ್ಲಿಗೇ ಬರುತ್ತಾರೆ ಅಲ್ವಾ? ಅಂಥ ಒಂದು ಅಂಗಡಿಯ ಹುಡುಗ ಹೇಳಿದ: ‘ಮೇಡಂ, ಬೆಳಗಿಂದ ಸೀರೆ ಬಿಚ್ಚೋದು, ತೋರ್ಸೋದು, ಮತ್ತೆ ಮಡಚೋದು. ಎಷ್ಟು ವರ್ಷ ಇದ್ರೂ ಸೇಲ್ಸ್‌ಮನ್ನೇ.’ ಇದರಲ್ಲಿ ಎರಡು ದೂರುಗಳಿವೆ. ಮಾಡಿದ್ದನ್ನೇ ಮಾಡುವುದು ‘ಮೊನಾಟನಸ್’. ಮುಂದೆ ದಾರಿಯೇ ಇಲ್ಲದ್ದು ‘ಡೆಡ್-ಎಂಡ್ ಜಾಬ್’. ಎರಡನ್ನೂ ಬಿಡಿಸಿ ಹೇಳಿದ ಮೇಲೆ ಅವನೇ ವಾಕ್ಯ ಕಟ್ಟಿದ: ‘ಇಟ್ಸ್ ಎ ಡೆಡ್-ಎಂಡ್ ಜಾಬ್, ಬಟ್ ಐ ಲೈಕ್ ಮೈ ಕಸ್ಟಮರ್ಸ್.’ ಅವತ್ತು ನನಗೆ ತುಂಬಾ ಖುಷಿಯಾಯಿತು. ಬರೀ ‘ಬೋರಿಂಗ್’ ಅಂದಿದ್ದರೆ ಗಿರಾಕಿಗಳ ಮೇಲಿನ ಅವನ ಪ್ರೀತಿ ಯಾರಿಗೂ ತಿಳಿಯುತ್ತಿರಲಿಲ್ಲ.

ರಾಶಿ ನೋಟ್‌ಬುಕ್ ತಿದ್ದಿದರೂ ಒಂದು ಒಳ್ಳೆ ಮಾತು ಕೇಳದ ಟೀಚರ್‌ಗೆ ‘ಥ್ಯಾಂಕ್‌ಲೆಸ್’ ಕೊಟ್ಟೆ. ‘ಬರ್ನ್ಟ್ ಔಟ್’ ಅನ್ನು ಮಾತ್ರ ಹುಷಾರಾಗಿ ಹೇಳಿಕೊಡುತ್ತೇನೆ. ಒಂದು ದಿನದ ಸುಸ್ತಿಗೆ ‘ಟಯರ್ಡ್’ ಸಾಕು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಬರ್ನ್‌ಔಟ್’ ಏನು ಅಂತ ವಿವರಿಸಿತು. ಅದು ಕಾಯಿಲೆಯಲ್ಲ, ಕೆಲಸದ ಒತ್ತಡ ಬಹುಕಾಲ ಹಾಗೇ ಉಳಿದಾಗ ಆಗುವ ಸ್ಥಿತಿ ಅಂದಿತು. ರಾತ್ರಿ ಪಾಳಿ ಮಾಡಿ ಮಾಡಿ ಕೆಲಸದ ಮೇಲೆ ಮನಸ್ಸೇ ಹೋಗಿದ್ದ ನರ್ಸ್ ಒಬ್ಬರಿಗೆ ಆ ಪದ ಸರಿಯಾಗಿ ಹೊಂದಿತು.

ಸಂಬಂಧಗಳ ಪಾಠಕ್ಕೆ ಮನೆ ವಿಷಯ ಕೇಳುವುದಿಲ್ಲ. ನಾಲ್ಕು ಜನರ ಎದುರು ಯಾರನ್ನೂ ಮುಜುಗರಕ್ಕೆ ಸಿಕ್ಕಿಸಬಾರದು. ಟೀವಿ ಧಾರಾವಾಹಿಯ ಗಂಡ ಹೆಂಡತಿ ಸಾಕು. ಜಗಳವಿಲ್ಲದೆ ನಿಧಾನವಾಗಿ ದೂರವಾದರೆ ‘ಡ್ರಿಫ್ಟೆಡ್ ಅಪಾರ್ಟ್’. ಮಾತಿದೆ, ಆದರೆ ಬಿಗುವಿದೆ ಅಂದರೆ ‘ಸ್ಟ್ರೇನ್ಡ್’. ಒಬ್ಬರೇ ಹೊಂದಿಕೊಂಡು ಹೋಗುವುದು ‘ಒನ್-ಸೈಡೆಡ್’. ‘ಟಾಕ್ಸಿಕ್’ ಎಲ್ಲರ ಬಾಯಲ್ಲೂ ಇದೆ. 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದೂ ಅದನ್ನೇ. ಆದರೆ ಸುಮ್ನೆ ಮೊಬೈಲ್ ನೋಡುತ್ತಾ ಕೂರುವ ಗಂಡನಿಗೆ ‘ಡಿಸ್ಟಂಟ್’ ಸಾಕು. ಹೀಯಾಳಿಸಿ, ಹೆದರಿಸಿ ಹಿಡಿತದಲ್ಲಿಟ್ಟುಕೊಳ್ಳುವವರಿಗೆ ‘ಟಾಕ್ಸಿಕ್’ ಇರಲಿ.

ಇಂಟರ್‌ವ್ಯೂನಲ್ಲಿ ಮಾತ್ರ ಇವು ಯಾವುವೂ ಬೇಡ. ಹಳೇ ಕೆಲಸ ಯಾಕೆ ಬಿಟ್ಟಿರಿ ಅಂದರೆ ‘ದೇರ್ ವಾಸ್ ಲಿಟಲ್ ರೂಮ್ ಟು ಗ್ರೋ’, ಅಂದರೆ ಬೆಳೆಯೋಕೆ ಅಲ್ಲಿ ಅವಕಾಶ ಕಡಿಮೆ ಇತ್ತು ಅನ್ನಿ. ಬೆನ್ನಿಗೇ, ಹೊಸ ಕಡೆ ಏನು ಕಲಿಯಬೇಕು ಅಂತಿದ್ದೀರಿ ಅನ್ನುವುದನ್ನೂ ಸೇರಿಸಿ.