ಗೀಸರ್ ಕೂರಿಸುವ ಕ್ರಮ: ಗೋಡೆ, ವಾಲ್ವ್, ಅರ್ಥಿಂಗ್, ಕೊನೆಗೆ ಸ್ವಿಚ್

ಸಣ್ಣ ಸಂಸಾರದ ಬಚ್ಚಲಿಗೆ 15 ಲೀಟರ್, 2000 ವಾಟ್‌ನ ಸ್ಟೋರೇಜ್ ಗೀಸರ್ ಸಾಕು. 60 ಡಿಗ್ರಿಗೆ ಕಾದ 15 ಲೀಟರಿಗೆ 25 ಡಿಗ್ರಿಯ ತಣ್ಣೀರು ಬೆರೆಸಿದರೆ ಮೈಗೆ ಹದವಾದ ನೀರು ಸುಮಾರು 35 ಲೀಟರ್ ಆಗುತ್ತದೆ, ಎರಡು ಬಕೆಟ್‌ಗೆ ಹತ್ತಿರ. ಕಾಯಲು ಹಿಡಿಯುವುದು ಇಪ್ಪತ್ತು ನಿಮಿಷ. ಒಬ್ಬರ ಹಿಂದೆ ಒಬ್ಬರು ಶವರ್ ಕೆಳಗೆ ನಿಲ್ಲುವ ಮನೆಯಾದರೆ 25 ಲೀಟರಿನದು ನೋಡಿ. ಡಬ್ಬಿಯ ಮೇಲೆ ಐಎಸ್‌ಐ ಗುರುತಿನ ಜತೆ ಐಎಸ್ 2082 (ಸ್ಟೋರೇಜ್ ಗೀಸರಿನ ಭಾರತೀಯ ಮಾನಕ) ಎಂದಿರಲಿ. ಅಪಾರ್ಟ್‌ಮೆಂಟಿನವರು ಒತ್ತಡದ ಅಂಕಿಯನ್ನೂ ಓದಬೇಕು. ತಾರಸಿಯ ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಎಂಬ ಲೆಕ್ಕದಲ್ಲಿ, ಎತ್ತರದ ಕಟ್ಟಡದ ಕೆಳಮಹಡಿಗೆ ಬರುವ ಒತ್ತಡ ಕಡಿಮೆಯೇನಲ್ಲ. ಅಲ್ಲಿಗೆ 8 ಬಾರ್ ತಡೆಯುವ ಟ್ಯಾಂಕಿನ ಗೀಸರೇ ಬೇಕು.

ತುಂಬಿದ 15 ಲೀಟರ್ ಗೀಸರ್ 25 ಕಿಲೋ ತೂಗುತ್ತದೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಆಂಕರ್ ಬೋಲ್ಟ್ ಸಾಕು, ಆದರೆ ಬೋಲ್ಟ್ ಹಿಡಿಯಬೇಕಾದದ್ದು ಇಟ್ಟಿಗೆಯನ್ನು. ಟೈಲ್ಸ್ ಮತ್ತು ಗಾರೆಯನ್ನು ಮಾತ್ರ ಹಿಡಿದರೆ ಒಂದು ದಿನ ಕಿತ್ತು ಬರುತ್ತದೆ. ಟೊಳ್ಳು ಬ್ಲಾಕ್ ಅಥವಾ ಎಎಸಿ (ಹಗುರ ಕಾಂಕ್ರೀಟಿನ) ಬ್ಲಾಕ್ ಗೋಡೆಯಲ್ಲಿ ಮಾಮೂಲಿ ಬೋಲ್ಟ್ ನಿಲ್ಲುವುದಿಲ್ಲ. ಅಂಥ ಕಡೆ ಗೋಡೆಯ ಆಚೆಗೂ ತೂರಿಸಿ, ಹಿಂದೆ ಪಟ್ಟಿ ಕೊಟ್ಟು ನಟ್ ಬಿಗಿಸಿ. ಗೀಸರ್ ಶವರ್‌ನ ನೀರು ಸಿಡಿಯದ ಜಾಗದಲ್ಲಿರಲಿ. ಕೆಳಗೆ ಒಂದಡಿ ಖಾಲಿ ಬಿಡಿ, ನಾಳೆ ನೀರು ಕಾಯಿಸುವ ಎಲಿಮೆಂಟ್ ಬಿಚ್ಚುವುದು ಅಲ್ಲಿಂದಲೇ.

ನೀಲಿ ಗುರುತಿನದು ತಣ್ಣೀರು ಒಳಬರುವ ದಾರಿ, ಕೆಂಪಿನದು ಬಿಸಿನೀರು ಹೊರಹೋಗುವ ದಾರಿ. ಗೀಸರ್ ಜತೆ ಬರುವ ಸೇಫ್ಟಿ ವಾಲ್ವ್ ನೀಲಿ ಕಡೆಗೇ, ಅದರ ಮೇಲಿನ ಬಾಣ ಗೀಸರ್ ಕಡೆ ತಿರುಗಿರುವಂತೆ ಕೂರಬೇಕು. ಎಷ್ಟೋ ಮನೆಗಳಲ್ಲಿ ಇದು ಡಬ್ಬಿಯಲ್ಲೇ ಉಳಿದಿರುತ್ತದೆ. ಇದು ಯಾಕೆ ಬೇಕೆಂದರೆ, 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದಾಗ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ವಾಲ್ವ್ ಒಳಗಿನ ಒಮ್ಮುಖ ಬಾಗಿಲು ಬಿಸಿನೀರನ್ನು ತಣ್ಣೀರಿನ ಪೈಪಿಗೆ ವಾಪಸು ಬಿಡುವುದಿಲ್ಲ. ನಲ್ಲಿಗಳೂ ಮುಚ್ಚಿದ್ದರೆ ಆ ಹೆಚ್ಚಿನ ನೀರು ಟ್ಯಾಂಕನ್ನೇ ಒತ್ತುತ್ತದೆ. ಒತ್ತಡ ಮಿತಿ ಮೀರಿದಾಗ ವಾಲ್ವ್‌ನ ಸಣ್ಣ ಮೂತಿಯಿಂದ ಹನಿ ಬೀಳುವುದು ಇದಕ್ಕೇ. ನೀರು ಕಾದ ಮೇಲೆ ಕರೆಂಟು ಕಡಿಯಬೇಕಾದ ಥರ್ಮೋಸ್ಟಾಟ್ ಅಂಟಿಕೊಂಡು ನೀರು ಕುದಿಯತೊಡಗಿದರೆ ಒತ್ತಡ ಇಳಿಯಲು ಉಳಿಯುವುದೂ ಈ ಒಂದೇ ದಾರಿ. ಹನಿ ಬೀಳುತ್ತದೆಂದು ಅದಕ್ಕೆ ಎಂ-ಸೀಲ್ ಮೆತ್ತುವುದು ಟ್ಯಾಂಕನ್ನು ಒಡೆಯಲು ಬಿಟ್ಟಂತೆ. ಮೂತಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ತುದಿಯನ್ನು ಮೋರಿಯತ್ತ ಇಳಿಬಿಡಿ, ತುದಿ ತೆರೆದೇ ಇರಲಿ. ವಾಲ್ವ್ ಮತ್ತು ಗೀಸರ್ ನಡುವೆ ಇನ್ನೊಂದು ನಲ್ಲಿ ಹಾಕಕೂಡದು.

ಪೈಪಿನ ಮರೆಗೆ (ಥ್ರೆಡ್‌ಗೆ) ಟೆಫ್ಲಾನ್ ಟೇಪನ್ನು ತಿರುಪು ಬಿಗಿಯುವ ದಿಕ್ಕಿನಲ್ಲೇ ಹತ್ತು ಹನ್ನೆರಡು ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಪೈಪ್ ಜೋಡಿಸಲು ಸ್ಟೀಲ್ ಹೆಣೆದ ಹೋಸ್ ಒಳ್ಳೆಯದು. ಬಿಸಿನೀರಿನ ಲೈನ್ ಶಾಖ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ಕಿನದೇ ಆಗಬೇಕು, ಬಿಳಿ ಪಿವಿಸಿ ಆ ಶಾಖಕ್ಕೆ ಮೆತ್ತಗಾಗಿ ಸಂದುಗಳಲ್ಲಿ ಬಿಡುತ್ತದೆ.

ಇನ್ನು ಕರೆಂಟು. 2000 ವಾಟ್ ಎಂದರೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್. 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಸಿಕ್ಕಿಸಿದರೆ ಮೊದಲು ಪ್ಲಗ್ ಕಪ್ಪಾಗುತ್ತದೆ, ಆಮೇಲೆ ಕರಗುತ್ತದೆ. ಬೋರ್ಡಿನಿಂದ ನೇರವಾಗಿ 2.5 ಚದರ ಮಿ.ಮೀ. ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್), 16 ಆಂಪಿಯರ್ ಸಾಕೆಟ್ ಇರಲಿ. ಸ್ವಿಚ್ ಬಚ್ಚಲಿನ ಹೊರಗೆ. ಇದರ ಜತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಕಡ್ಡಾಯ ಎಂದೇ ತಿಳಿಯಿರಿ. ಎಲಿಮೆಂಟ್ ತೂತಾಗಿ ನೀರಿಗೆ ಕರೆಂಟು ಸೋರಿದರೆ ಜೀವ ಉಳಿಸುವುದು ಇದು, ಎಂಸಿಬಿ ಅಲ್ಲ.

ಅರ್ಥಿಂಗ್ ಇದೆ ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಸಾಲದು, ಅವರಿಂದಲೇ ಮಲ್ಟಿಮೀಟರ್ ಹಿಡಿಸಿ ತೋರಿಸಿಕೊಳ್ಳಿ. ಫೇಸ್-ನ್ಯೂಟ್ರಲ್ ನಡುವೆ ಬರುವ ಅಂಕಿಯೇ ಹೆಚ್ಚುಕಡಿಮೆ ಫೇಸ್-ಅರ್ಥ್ ನಡುವೆಯೂ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಿದರೆ ಎಲ್ಲೋ ದೋಷವಿದೆ. ನೇರ ಸೊನ್ನೆ ಬಂದರೂ ಎಂಸಿಬಿ ಇಳಿಸಿ ಸಾಕೆಟ್ ಬಿಚ್ಚಿ ನೋಡಿ: ಕೆಲವರು ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಎಳೆದಿರುತ್ತಾರೆ. ಮೀಟರಿಗೆ ಎಲ್ಲವೂ ಸರಿ ಕಾಣುತ್ತದೆ. ನ್ಯೂಟ್ರಲ್ ಎಲ್ಲಿಯಾದರೂ ಕಡಿದುಹೋದ ದಿನ ಗೀಸರ್ ಮೈಯಲ್ಲೆಲ್ಲ ಪೂರ್ತಿ 230 ವೋಲ್ಟ್ ಇರುತ್ತದೆ.

ಸ್ವಿಚ್ ಹಾಕುವ ಮೊದಲು ನೀರು ತುಂಬಿಸಿ. ಬಿಸಿನೀರಿನ ನಲ್ಲಿ ತೆರೆದಿಟ್ಟು ತಣ್ಣೀರು ಬಿಟ್ಟರೆ ಮೊದಲು ಗಾಳಿ, ಆಮೇಲೆ ಉಗುಳುತ್ತಾ ನೀರು ಬರುತ್ತದೆ. ಒಂದೇ ಧಾರೆಯಾಗಿ ಎರಡು ನಿಮಿಷ ಹರಿದ ಮೇಲೆ ನಲ್ಲಿ ಮುಚ್ಚಿ, ಸಂದುಗಳನ್ನು ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಕಾದು ನೋಡಿ. ಖಾಲಿ ಟ್ಯಾಂಕಿಗೆ ಕರೆಂಟು ಕೊಟ್ಟರೆ ಹೊಸ ಎಲಿಮೆಂಟ್ ಅಲ್ಲೇ ಸುಟ್ಟುಹೋಗುತ್ತದೆ.

ಗ್ಯಾಸ್ ಗೀಸರ್ ಇಷ್ಟಪಡುವವರಿಗೆ ಒಂದೇ ಮಾತು: ಅದು ಬಚ್ಚಲಿನೊಳಗೆ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಇಳಿದಂತೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಸ್ನಾನಕ್ಕೆ ನಿಂತವರಿಗೆ ಗೊತ್ತಾಗುವಷ್ಟರಲ್ಲಿ ಕೈಕಾಲು ಸೋತಿರುತ್ತದೆ. ತೆರೆದ ಯುಟಿಲಿಟಿಯಲ್ಲಿ ಹಾಕಿ, ಒಳಗೆ ಪೈಪ್ ಮಾತ್ರ ತನ್ನಿ.

ಬಳಕೆಯಲ್ಲಿ ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ. ಸ್ವಿಚ್ ಬೀಳದಿದ್ದರೆ ಬದಲಾಯಿಸಿ. ಬೋರ್‌ವೆಲ್ ನೀರಿನ ಮನೆಯಲ್ಲಿ ಕಾಯುವಾಗ ಚಟಪಟ ಸದ್ದು ಬಂದರೆ ಎಲಿಮೆಂಟ್‌ಗೆ ಸುಣ್ಣ ಕಟ್ಟಿದೆ ಎಂದರ್ಥ. ಅಂಥ ಕಡೆ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ಮೆಗ್ನೀಷಿಯಂ ಆನೋಡ್ ರಾಡ್ ಹೊರತೆಗೆಸಿ ನೋಡಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ, ಒಳಗಿನ ಕಬ್ಬಿಣದ ಕಡ್ಡಿ ಕಾಣುತ್ತಿದ್ದರೆ ಹೊಸದು ಹಾಕಿಸಿ. ಬಿಚ್ಚುವ ಮೊದಲು ಎಂಸಿಬಿ ಇಳಿಸಿ, ನೀರು ಆರುವವರೆಗೆ ಕಾದು, ತಣ್ಣೀರಿನ ನಲ್ಲಿ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಸೇಫ್ಟಿ ವಾಲ್ವ್‌ನ ಲಿವರ್ ಎತ್ತಿ. ಗಾಳಿ ಒಳಹೋಗಲು ದಾರಿ ಇಲ್ಲದಿದ್ದರೆ ಟ್ಯಾಂಕ್ ಖಾಲಿಯಾಗುವುದಿಲ್ಲ.